ಅಮ್ಮ ಓದಿ ಹೇಳುವ ಆರು ಅಂಕೆ

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮನ ಫೋನಿಗೆ ಎರಡು ಸಿಮ್. ಒಂದು ಅಮ್ಮನದು, ಇನ್ನೊಂದು ನನ್ನದು. ನಾನು ಕುವೈತ್‌ಗೆ ಬಂದು 14 ವರ್ಷ ಆಯ್ತು. ಆ ಸಿಮ್‌ನಿಂದ ಯಾರಿಗೂ ಫೋನ್ ಮಾಡುವುದಿಲ್ಲ. ಆದರೂ ತಪ್ಪದೆ ರೀಚಾರ್ಜ್ ಮಾಡಿಸುತ್ತೇನೆ. ಊರಿನ ಬ್ಯಾಂಕಿನ ಒಟಿಪಿ ಬರುವುದು ಆ ನಂಬರಿಗೆ.

ಊರಿಗೆ ಏನಾದರೂ ಆನ್‌ಲೈನ್‌ನಲ್ಲಿ ತರಿಸಬೇಕಾದರೆ ಮೊದಲು ಅಮ್ಮನಿಗೆ ಫೋನ್ ಮಾಡಬೇಕು. ಕನ್ನಡಕ ಹಾಕಿಕೊಂಡು ಕೂತ್ಕೊಳ್ಳಿ ಅಮ್ಮ, ಈಗ ಒಂದು ಮೆಸೇಜ್ ಬರ್ತದೆ ಅನ್ನಬೇಕು. ಬರುತ್ತದೆ. ಅಮ್ಮ ಒಂದೊಂದೇ ಅಂಕೆ ಓದುತ್ತಾರೆ. "ನಾಲ್ಕು... ಸೊನ್ನೆ... ತಡಿ ಮಗಾ, ಇದು ಒಂದಾ ಏಳಾ?" ಮಾತಾಡುತ್ತಿರುವ ಫೋನಿನಲ್ಲೇ ಮೆಸೇಜ್ ನೋಡಬೇಕಲ್ಲ, ಬೆರಳು ತಾಗಿ ಕಾಲ್ ಕಟ್ ಆಗುತ್ತದೆ. ಮತ್ತೆ ಫೋನ್ ಮಾಡುವಷ್ಟರಲ್ಲಿ ಇಲ್ಲಿ ನನ್ನ ಸ್ಕ್ರೀನಿನಲ್ಲಿ ಟೈಮ್ ಮುಗಿದಿರುತ್ತದೆ. ಪುನಃ ಮೊದಲಿಂದ ಶುರು.

ನೀನು ಅಲ್ಲೇ ದುಡೀತಿ, ಅಲ್ಲೇ ಕಾರ್ಡ್ ಉಂಟು, ಅದರಲ್ಲೇ ಕಟ್ಟಬಹುದಲ್ವಾ ಅಂತ ಎಷ್ಟೋ ಜನ ಕೇಳಿದ್ದಾರೆ. ಅದರ ಬಗ್ಗೆಯೇ ಇವತ್ತು ಬರೀಬೇಕು ಅನ್ನಿಸಿತು.

ಕಳೆದ ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಸೊಂಟದ ಆಪರೇಷನ್ ಆಯ್ತು. ನಾನು 20 ದಿನ ರಜೆ ಹಾಕಿ ಬಂದು ನೋಡಿಕೊಂಡು ವಾಪಸ್ ಬಂದೆ. ಆಮೇಲೆ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮ ಅಮ್ಮನ ಬೆನ್ನಿನ ಕೆಳಗಿನ ಭಾಗ ತೋರಿಸಿದರು. ಚರ್ಮ ಕೆಂಪಾಗಿತ್ತು. ನಾನು ನರ್ಸ್. ಮಲಗಿದಲ್ಲೇ ಇರುವವರ ಬೆನ್ನು ಕೆಂಪಾದರೆ ಮುಂದೆ ಹುಣ್ಣಾಗುತ್ತದೆ ಅಂತ ಗೊತ್ತು. ಕೂಡಲೇ ಏರ್ ಬೆಡ್, ಅಂದರೆ ಬೆನ್ನಿನ ಮೇಲೆ ಒತ್ತಡ ಬೀಳದ ಹಾಗೆ ಗಾಳಿ ತುಂಬುವ ಹಾಸಿಗೆ ಬೇಕು.

ಡ್ಯೂಟಿ ಮುಗಿಸಿ ರೂಮಿಗೆ ಬಂದಾಗ ರಾತ್ರಿ 11. ಊರಲ್ಲಿ ಆಗ ಒಂದೂವರೆ. ಮಂಗಳೂರಿನ ಒಂದು ಸರ್ಜಿಕಲ್ ಅಂಗಡಿಯ ವೆಬ್‌ಸೈಟ್ ಸಿಕ್ಕಿತು. ಮರುದಿನವೇ ಉಡುಪಿಗೆ ಡೆಲಿವರಿ ಅಂತ ಇತ್ತು. ಆ ಹೊತ್ತಲ್ಲಿ ಅಮ್ಮನನ್ನು ಎಬ್ಬಿಸಿ ಒಟಿಪಿ ಕೇಳಲು ಮನಸ್ಸಾಗಲಿಲ್ಲ. ಸಂಬಳ ಬರುವ ಇಲ್ಲಿನ ಬ್ಯಾಂಕಿನ ಕಾರ್ಡನ್ನೇ ತೆಗೆದೆ.

ಮೊಬೈಲ್ ನಂಬರಿನ ಜಾಗದಲ್ಲಿ +91 ಮೊದಲೇ ಕೂತಿದೆ, ಅದನ್ನು ಬದಲಿಸಲು ಆಗುವುದಿಲ್ಲ. ಹತ್ತು ಅಂಕೆ ಬೇಕು. ಕುವೈತ್‌ನ ನಂಬರಿಗೆ ಇರುವುದೇ ಎಂಟು ಅಂಕೆ. ಕಾರ್ಡಿನ ವಿಳಾಸಕ್ಕೂ ಆರು ಅಂಕೆಯ ಪಿನ್‌ಕೋಡ್ ಬೇಕು, ಪಟ್ಟಿಯಲ್ಲಿರುವ ರಾಜ್ಯವೇ ಆಗಬೇಕು. ನನ್ನ ಕಾರ್ಡು ಇರುವುದು ಕುವೈತ್ ವಿಳಾಸದಲ್ಲಿ, ಬ್ಲಾಕ್ ನಂಬರು, ಸ್ಟ್ರೀಟ್ ನಂಬರು ಅಂತ. ಬೇರೆ ದಾರಿ ಇಲ್ಲದೆ ಊರಿನ 576101 ಹಾಕಿದೆ, ಅಮ್ಮನ ನಂಬರ್ ಹಾಕಿದೆ. ಚಕ್ರ ತಿರುಗಿತು, ತಿರುಗಿತು, ಪೇಮೆಂಟ್ ಫೇಲ್ ಅಂತ ಬಂತು. ಇನ್ನೊಮ್ಮೆ ಮಾಡಿದೆ, ಅದೇ ಕಥೆ. ಮೂರನೇ ಸಲಕ್ಕೆ ಯಾರೋ ಕದ್ದು ಬಳಸುತ್ತಿದ್ದಾರೆ ಅಂತ ಅಂದುಕೊಂಡು ನನ್ನ ಬ್ಯಾಂಕೇ ಕಾರ್ಡನ್ನು ಬ್ಲಾಕ್ ಮಾಡಿತು. ಕಾರಣ ಏನು ಅಂತ ಆ ವೆಬ್‌ಸೈಟಿನಲ್ಲಿ ಒಂದು ಸಾಲೂ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕೈಯಲ್ಲಿ ದುಡ್ಡಿದೆ, ಅಂಗಡಿಯಲ್ಲಿ ಏರ್ ಬೆಡ್ ಇದೆ, ಅಲ್ಲಿಂದ ಅಮ್ಮನ ಮಂಚಕ್ಕೆ ಬರೀ 60 ಕಿಲೋಮೀಟರ್.

ಬೆಳಿಗ್ಗೆ ಚಿಕ್ಕಮ್ಮನ ಮಗ ಯುಪಿಐ ಮಾಡಿದ. ಸಂಜೆಗೆ ಬೆಡ್ ಬಂತು. ಆದರೆ ಚಿಕ್ಕಮ್ಮನ ಮಗ ಇಲ್ಲದವರು ಏನು ಮಾಡಬೇಕು?

ಆಮೇಲೆ ಅಂಗಡಿಗೆ ನಾನೇ ಫೋನ್ ಮಾಡಿದೆ. ಮಾಲೀಕರು ಒಳ್ಳೆಯವರು, ಸಮಾಧಾನದಿಂದ ಮಾತಾಡಿದರು. "ಫಾರಿನ್ ಕಾರ್ಡ್ ನಮ್ಮದರಲ್ಲಿ ಹೋಗುದಿಲ್ಲ ಅಕ್ಕ. ಅದು ಆರ್‌ಬಿಐ ರೂಲ್ಸ್ ಅಂತೆ." ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಹುಡುಕಿ ಓದಿದ ಮೇಲೆ ಗೊತ್ತಾಯ್ತು, ಹಾಗಲ್ಲ. ಆನ್‌ಲೈನ್‌ನಲ್ಲಿ ಕಾರ್ಡ್ ಬಳಸುವಾಗ ಪಾಸ್‌ವರ್ಡೋ ಒಟಿಪಿಯೋ ಕಡ್ಡಾಯ ಅಂತ ಆರ್‌ಬಿಐ ನಿಯಮ ತಂದದ್ದು 2009ರ ಆಗಸ್ಟ್ 1ರಿಂದ. ಅದು ಭಾರತದ ಬ್ಯಾಂಕುಗಳು ಕೊಟ್ಟ ಕಾರ್ಡಿಗೆ. ವಿದೇಶದ ಕಾರ್ಡನ್ನು ತಗೊಳ್ಳಬೇಡಿ ಅಂತ ಅದು ಹೇಳುವುದಿಲ್ಲ.

ಹಾಗಾದರೆ ತಡೆಯುವುದು ಯಾರು? ಹೆಚ್ಚಿನ ಕಡೆ ಪೇಮೆಂಟ್ ಗೇಟ್‌ವೇಯಲ್ಲಿ, ಅಂದರೆ ವೆಬ್‌ಸೈಟಿನವರಿಗೆ ಕಾರ್ಡಿನ ದುಡ್ಡು ತಲುಪಿಸಿಕೊಡುವ ಕಂಪನಿಯಲ್ಲಿ, ಇರುವ ಒಂದು ಸೆಟ್ಟಿಂಗ್. ಸಣ್ಣ ಅಂಗಡಿಯವರಿಗೆ ಇಂಟರ್‌ನ್ಯಾಷನಲ್ ಕಾರ್ಡ್ ಸಾಮಾನ್ಯವಾಗಿ ಆಫ್ ಇರುತ್ತದೆ. ಬೇಕು ಅಂತ ಕೇಳಿ, ಕಾಗದಪತ್ರ ಕೊಟ್ಟು ಆನ್ ಮಾಡಿಸಬೇಕು. ಕಮಿಷನ್ ಸ್ವಲ್ಪ ಜಾಸ್ತಿ. ನಮ್ಮ ದೇಶದ ಕಾರ್ಡಿಗೆ ನೂರಕ್ಕೆ 2 ರೂಪಾಯಿ ಆಸುಪಾಸು ಇದ್ದರೆ ಇದಕ್ಕೆ 3ರ ಆಸುಪಾಸು. ಜೊತೆಗೆ ಇನ್ನೊಂದು ಹೆದರಿಕೆ ಇದೆ. ಕಾರ್ಡ್ ಯಾರದ್ದೋ ಅವರು, ನಾನು ಖರೀದಿ ಮಾಡಿಯೇ ಇಲ್ಲ ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ದುಡ್ಡು ವಾಪಸ್ ಹೋಗುತ್ತದೆ, ಸಾಮಾನಂತೂ ಆಗಲೇ ಹೋಗಿರುತ್ತದೆ. ಅಂಗಡಿಯವರಿಗೆ ಈ ಹೆದರಿಕೆ ಇರುವುದು ತಪ್ಪಲ್ಲ. ಆದರೆ ಅದಕ್ಕೂ ದಾರಿ ಇದೆ. ನನ್ನ ಕುವೈತ್ ಬ್ಯಾಂಕೂ ಒಟಿಪಿ ಕಳಿಸುತ್ತದೆ, ನನ್ನ ಇಲ್ಲಿನ ಫೋನಿಗೆ. ಅದಕ್ಕೆ ತ್ರೀ-ಡಿ ಸೆಕ್ಯೂರ್ ಅನ್ನುತ್ತಾರೆ. ಹಾಗೆ ಖಚಿತ ಮಾಡಿಕೊಂಡ ಪೇಮೆಂಟಿನಲ್ಲಿ ಕಾರ್ಡ್ ಕದ್ದು ಬಳಸಿದ್ದಾರೆ ಅಂತ ತಕರಾರು ಬಂದರೆ, ಸಾಮಾನ್ಯವಾಗಿ ನಷ್ಟ ಕಾರ್ಡ್ ಕೊಟ್ಟ ಬ್ಯಾಂಕಿನದು, ಅಂಗಡಿಯದಲ್ಲ. ಒಟಿಪಿ ಇರುವ ವಿದೇಶಿ ಕಾರ್ಡ್ ಮಾತ್ರ ಸಾಕು ಅಂತ ಅಂಗಡಿಯವರು ಗೇಟ್‌ವೇಯವರನ್ನು ಕೇಳಬಹುದು.

ಅದೂ ಬೇಡ ಅನ್ನುವವರು ಕನಿಷ್ಠ ಮೊದಲೇ ಹೇಳಬಹುದಲ್ವಾ? ಕಾರ್ಡಿನ ಮೊದಲ ಆರೆಂಟು ಅಂಕೆಯಲ್ಲೇ ಅದು ಯಾವ ದೇಶದ ಯಾವ ಬ್ಯಾಂಕಿನದು ಅಂತ ಗೊತ್ತಾಗುತ್ತದೆ. ಅಲ್ಲೇ ನಿಲ್ಲಿಸಿ ಈ ಕಾರ್ಡ್ ನಡೆಯುವುದಿಲ್ಲ ಅಂದರೆ ನನ್ನ ಕಾರ್ಡ್ ಬ್ಲಾಕ್ ಆಗುತ್ತಿರಲಿಲ್ಲ.

ವಿದೇಶದಲ್ಲಿರುವವರು ಅಲ್ಲಿನ ದುಡಿಮೆ ಇಡುವ ಎನ್‌ಆರ್‌ಇ ಖಾತೆ ಮಾಡಿ ಅಂತ ನೀವು ಹೇಳಬಹುದು. ಮಾಡಿದ್ದೇನೆ. ಎಲ್ಲರೂ ಮಾಡಿ. ಊರಿನ ಹಳೇ ಎಸ್‌ಬಿ ಖಾತೆಯನ್ನು ಹಾಗೇ ನಡೆಸುತ್ತಿರುವವರು ಇಲ್ಲಿ ತುಂಬ ಜನ ಇದ್ದಾರೆ. ಅದು ಸರಿಯಲ್ಲ, ಅದನ್ನು ಎನ್‌ಆರ್‌ಒ, ಅಂದರೆ ವಿದೇಶದಲ್ಲಿರುವವರು ಊರಿನ ಆದಾಯಕ್ಕೆ ಇಡುವ ಖಾತೆ, ಮಾಡಿಸಬೇಕು. ಯುಪಿಐ ಕೂಡ ಬಂದಿದೆ. ವಿದೇಶದ ಮೊಬೈಲ್ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ಯುಪಿಐ ಮಾಡಬಹುದು ಅಂತ 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಹೇಳಿದಾಗ ನಮ್ಮ ನರ್ಸ್‌ಗಳ ಗ್ರೂಪಿನಲ್ಲಿ ಎಷ್ಟು ಖುಷಿ! ಪಟ್ಟಿ ನೋಡಿದರೆ 10 ದೇಶ. ಯುಎಇ, ಸೌದಿ, ಕತಾರ್, ಒಮಾನ್ ಇದ್ದವು. ಕುವೈತ್ ಇರಲಿಲ್ಲ, ಬಹರೇನ್ ಇರಲಿಲ್ಲ. ಮಂಗಳೂರು, ಉಡುಪಿಯವರು ಇಷ್ಟು ಜನ ಇರುವ ಜಾಗಗಳು. ದುಬೈಯಲ್ಲಿರುವ ನಾದಿನಿಗೆ ಸಿಕ್ಕ ಅನುಕೂಲ ಆಗ ನನಗೆ ಸಿಗಲಿಲ್ಲ. ಹಾಗಾಗಿ ಸಿಮ್ ಅಮ್ಮನ ಫೋನಿನಲ್ಲೇ ಉಳಿಯಿತು.

ನನ್ನನ್ನು ನಿಜವಾಗಿ ಚುಚ್ಚುವುದು ಇದೇ. ಒಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕು ಪ್ರತಿ ಮೆಸೇಜಿನಲ್ಲಿ ಬರೆಯುತ್ತದೆ. ನಾನೂ ಅಮ್ಮನಿಗೆ ನೂರು ಸಲ ಹೇಳಿದ್ದೇನೆ. ಮತ್ತೆ ನಾನೇ ಫೋನ್ ಮಾಡಿ ಓದಿ ಹೇಳಿ ಅನ್ನುತ್ತೇನೆ. ಮೋಸದವರು ಫೋನ್ ಮಾಡಿದಾಗ ಅವರು ಕೇಳುವುದೂ ಅದನ್ನೇ. ಮಗಳ ದನಿಯಲ್ಲಿ ಯಾರಾದರೂ ಅವಸರದಿಂದ ಕೇಳಿದರೆ ಅಮ್ಮ ಹೇಳಿಬಿಡುತ್ತಾರೆ, ನನಗೆ ಗೊತ್ತು. ಆ ಅಭ್ಯಾಸ ಮಾಡಿಸಿದವಳು ನಾನೇ. ಸುರಕ್ಷತೆ ಅಂತ ವಿದೇಶಿ ಕಾರ್ಡಿಗೆ ಬಾಗಿಲು ಹಾಕಿದರೆ ನಾವು ಹಿಡಿಯುವ ದಾರಿ ಅದಕ್ಕಿಂತ ಅಪಾಯದ್ದು. ಗಲ್ಫಿನಲ್ಲಿ ಮಕ್ಕಳಿರುವ ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತಿದೆ ಅಂತ ನಿಮಗೂ ಗೊತ್ತಿದೆ.

ಅಮ್ಮ ಬೀಡಿ ಕಟ್ಟುತ್ತಿದ್ದರು. ಸಂಜೆ ಮನೆಮನೆಯಿಂದ ದಿನದ ಉಳಿತಾಯ ತಗೊಳ್ಳುವ ಪಿಗ್ಮಿಯವರು ಸೈಕಲ್‌ನಲ್ಲಿ ಬರುತ್ತಿದ್ದರು, ಅಮ್ಮ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಡುತ್ತಿದ್ದರು, ಅವರು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದರು. ನನ್ನ ನರ್ಸಿಂಗ್‌ನ ಮೊದಲ ಫೀಸು ಆ ಪುಸ್ತಕದಿಂದ ಬಂದದ್ದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ಇದೇ ಉಡುಪಿಯಲ್ಲಿ. ಬಡವರು ಬ್ಯಾಂಕಿಗೆ ಬರಲು ಆಗದಿದ್ದರೆ ಬ್ಯಾಂಕೇ ಮನೆಗೆ ಹೋಗಲಿ ಅಂತ ಯೋಚನೆ ಮಾಡಿದ ಊರು ನಮ್ಮದು. ಆ ಊರಿಗೆ ಸಾಮಾನು ಕಳಿಸುವ ಅಂಗಡಿಗೆ ನನ್ನ ದುಡ್ಡು ತಲುಪುವುದಿಲ್ಲ ಅಂದಾಗ ನನಗೆ ಅಷ್ಟು ಬೇಸರ ಆದದ್ದು ಅದಕ್ಕೇ.

ರಜೆಯಲ್ಲಿ ಊರಿಗೆ ಬಂದಾಗ ಇಷ್ಟು ಕಷ್ಟ ಇಲ್ಲ. ಅಂಗಡಿಯ ಮೆಷಿನ್‌ಗೆ ಕಾರ್ಡ್ ಹಾಕಿ ಪಿನ್ ಒತ್ತಿದರೆ ಹೆಚ್ಚಾಗಿ ನಡೆಯುತ್ತದೆ. ದಿನಾರೋ ರೂಪಾಯಿಯೋ ಅಂತ ಮೆಷಿನ್ ಕೇಳಿದರೆ ರೂಪಾಯಿ ಒತ್ತಿ, ಇಲ್ಲದಿದ್ದರೆ ಅವರ ರೇಟಿನಲ್ಲಿ ಸುಮ್ನೆ ದುಡ್ಡು ಹೋಗುತ್ತದೆ.

ಆ ಸರ್ಜಿಕಲ್ ಅಂಗಡಿಯ ಅಣ್ಣ ನಾನು ಹೇಳಿದ್ದನ್ನು ಕೇಳಿಸಿಕೊಂಡು ಗೇಟ್‌ವೇಯವರಿಗೆ ಮೇಲ್ ಹಾಕಿದರು. ಕಾಗದಪತ್ರ ಕೊಟ್ಟರು, ಕೆಲವು ದಿನ ಹಿಡಿಯಿತು, ಆನ್ ಆಯ್ತು. ಫಾರ್ಮಿನ +91 ಕೂಡ ಬದಲಿಸಿದರು. ಹೋದ ವಾರ ಅಮ್ಮನಿಗೆ ವಾಕರ್ ತರಿಸಿದೆ, ಕುವೈತ್ ಕಾರ್ಡಿನಲ್ಲೇ, ಬಸ್ಸಿನಲ್ಲಿ ಕೂತುಕೊಂಡು. ಒಟಿಪಿ ನನ್ನ ಫೋನಿಗೆ ಬಂತು. ಎರಡು ನಿಮಿಷದ ಕೆಲಸ. ವಾಕರ್ ಮನೆ ತಲುಪಿದಾಗ ಅಮ್ಮ ಫೋನ್ ಮಾಡಿ ಕೇಳಿದರು, "ನಂಬರ್ ಹೇಳ್ಲೇ ಇಲ್ಲ ನಾನು, ಇದು ಹೇಗೆ ಬಂತು ಮಗಾ?"

ಮಂಗಳೂರು, ಉಡುಪಿ, ಕುಂದಾಪುರದಲ್ಲಿ ಔಷಧಿ, ಸರ್ಜಿಕಲ್ ಸಾಮಾನು, ದಿನಸಿ ಆನ್‌ಲೈನ್‌ನಲ್ಲಿ ಮಾರುವವರು ನನ್ನ ಫ್ರೆಂಡ್ಸ್‌ಗಳಲ್ಲಿ ಇದ್ದರೆ ದಯವಿಟ್ಟು ಒಮ್ಮೆ ನಿಮ್ಮ ಗೇಟ್‌ವೇಯವರಿಗೆ ಮೇಲ್ ಹಾಕಿ ಕೇಳಿ. ಆನ್ ಆದರೆ ನನಗೊಂದು ಮೆಸೇಜ್ ಮಾಡಿ. ಇಲ್ಲಿ ನಮ್ಮ ಗ್ರೂಪಿನಲ್ಲಿ ಹಾಕುತ್ತೇನೆ.