ಸೋಲೋಕೂ ಹೆಸರು ಬೇಕು ಸ್ವಾಮಿ!

ಯಾವ ಕೆಲಸಕ್ಕೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಅನುಭವ ಎಷ್ಟಿದೆ ಅಂತ. ಹೊಡೆದಾಟದ ಪಂದ್ಯ ನಡೆಸುವ ಅಮೆರಿಕದ ಯುಎಫ್‌ಸಿ ಕಂಪನಿಯವರದು ಮಾತ್ರ ದೊಡ್ಡ ಮನಸ್ಸು. 2014ರ ಡಿಸೆಂಬರ್‌ನಲ್ಲಿ ಅವರು ಸಿಎಂ ಪಂಕ್ ಎಂಬ ಡಬ್ಲ್ಯುಡಬ್ಲ್ಯುಇ ತಾರೆಯನ್ನು ಸೇರಿಸಿಕೊಂಡರು. ವಯಸ್ಸು 36. ಎಂಎಂಎಯಲ್ಲಿ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ನಿಜವಾದ ಹೊಡೆದಾಟದಲ್ಲಿ, ಆಡಿದ ಪಂದ್ಯ ಸೊನ್ನೆ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟ ಕುಸ್ತಿಯಲ್ಲಿ ಆತ ದೊಡ್ಡ ಚಾಂಪಿಯನ್. ಇಲ್ಲಿ ಎದುರಾಳಿಗೆ ಆ ಸ್ಕ್ರಿಪ್ಟನ್ನು ಯಾರೂ ಕೊಟ್ಟಿರಲಿಲ್ಲ, ಅಷ್ಟೇ.

2016ರ ಸೆಪ್ಟೆಂಬರ್ 10, ಕ್ಲೀವ್‌ಲ್ಯಾಂಡ್. ರೆಫರಿ ಕೈ ಬೀಸಿದ್ದೇ ತಡ, ಪಂಕ್ ಮುಷ್ಟಿ ಎತ್ತಿಕೊಂಡು ನುಗ್ಗಿದ. 24ರ ಹುಡುಗ ಮಿಕ್ಕಿ ಗಾಲ್ ಬಗ್ಗಿ, ಅಡಿಗೆ ನುಸುಳಿ, ಕೆಡವಿದ. ಮೇಲೆ ಕೂತು ಗುದ್ದಿದ. ಬೆನ್ನು ಸಿಕ್ಕಿತು, ಆಮೇಲೆ ಕತ್ತೂ ಸಿಕ್ಕಿತು. 2 ನಿಮಿಷ 14 ಸೆಕೆಂಡಿಗೆ ಪಂಕ್ ಕೈ ತಟ್ಟಿ ‘ಸಾಕಪ್ಪಾ’ ಅಂದ.

ಈಗ ಸಂಬಳದ ವಿಚಾರ. ಸೋತವನಿಗೆ 5 ಲಕ್ಷ ಡಾಲರ್. ಗೆದ್ದವನಿಗೆ, ಗೆಲುವಿನ ಬೋನಸ್ಸೂ ಸೇರಿ, 30 ಸಾವಿರ. ಪಂಕ್‌ನ ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 3,700 ಡಾಲರಿಗೂ ಜಾಸ್ತಿ ಬೀಳುತ್ತದೆ. ಆ ರೇಟಿಗೆ ನನ್ನ ಕತ್ತು ಹಿಸುಕೋಕೆ ಬಂದರೆ ನಾನೇ ಕಾಲರ್ ಬಿಚ್ಚಿಕೊಡುತ್ತೇನೆ.

ಇಷ್ಟಕ್ಕೇ ಬಿಡಲಿಲ್ಲ. 2018ರ ಜೂನ್‌ನಲ್ಲಿ ಷಿಕಾಗೋದಲ್ಲಿ ಇನ್ನೊಂದು ಪಂದ್ಯ. ಎದುರಾಳಿ ಮೈಕ್ ಜಾಕ್ಸನ್. ಇವನೂ ಅದೇ ಗಾಲ್ ಕೈಲಿ 45 ಸೆಕೆಂಡಿನಲ್ಲಿ ಸೋತವನೇ! ಜೋಡಿ ಕಟ್ಟಿದವರ ಜಾಣತನ ನೋಡಿ. ಜಾಕ್ಸನ್‌ಗೆ ಇದು ಎಷ್ಟು ಸಲೀಸಾಯಿತೆಂದರೆ, ಪಂಕ್ ಮೇಲೆ ಕೂತು ಸೊಳ್ಳೆ ಹೊಡೆಯುವವನ ಹಾಗೆ ಪಕ್ಕೆಗೆ ಸುಮ್ನೆ ತಟ್ಟುತ್ತಿದ್ದ. ಮೂರು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಜಾಕ್ಸನ್ ಪರ 30-26 ಬರೆದರು. ಆಮೇಲೆ ಜಾಕ್ಸನ್ ಪರೀಕ್ಷೆಯಲ್ಲಿ ಗಾಂಜಾ ಸಿಕ್ಕಿ ಫಲಿತಾಂಶವೇ ರದ್ದಾಯಿತು. ಪಂಕ್ ತಿಂದ ಗುದ್ದು ಕಡತದಿಂದ ಅಳಿಸಿಹೋಯಿತು. ಪಕ್ಕೆಯಿಂದ ಅಳಿಸೋಕೆ ಯಾವ ಕ್ರೀಡಾ ಆಯೋಗಕ್ಕೂ ಅಧಿಕಾರ ಇಲ್ಲ.

ಜಾಕ್ಸನ್‌ಗೆ ಗೆಲುವೇ ಸಿಗಲಿಲ್ಲವಾ ಅಂದರೆ, ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ಡೀನ್ ಬ್ಯಾರಿ ಇವನ ಕಣ್ಣಿಗೆ ಬೆರಳು ಹಾಕಿ ಅನರ್ಹನಾದ. ಕಣ್ಣು ಉಜ್ಜಿಕೊಂಡೇ ಗೆದ್ದ ಪುಣ್ಯಾತ್ಮ.

ಯುಎಫ್‌ಸಿಯ ಸೋಲಿನ ಸರಣಿಯಲ್ಲಂತೂ ದೊಡ್ಡವರದೇ ದರ್ಬಾರು. ಹಿಂದೊಮ್ಮೆ ಸತತ 12 ಪಂದ್ಯ ಗೆದ್ದಿದ್ದ ಟೋನಿ ಫರ್ಗುಸನ್, 2020ರಿಂದ 2024ರ ನಡುವೆ ಸತತ 8 ಸೋತ. ಅದಕ್ಕೂ ಮುಂಚೆ ಈ ಗೌರವ ಬಿ.ಜೆ. ಪೆನ್‌ನದು, ಸತತ 7. ಎರಡು ತೂಕದ ವಿಭಾಗಗಳಲ್ಲಿ ಚಾಂಪಿಯನ್ ಆಗಿದ್ದವನು! ಇವರಿಗಿಂತ ಕೆಟ್ಟದಾಗಿ ಆಡುವವರು ಇರಲಿಲ್ಲವಾ? ರಾಶಿ ಇದ್ದರು. ಅವರು ಎರಡು ಮೂರು ಸೋಲುವಷ್ಟರಲ್ಲೇ ಕೈಗೆ ಗೇಟ್‌ಪಾಸ್. ಎಂಟು ಸೋಲಬೇಕೆಂದರೆ ಪೋಸ್ಟರಿನಲ್ಲಿ ಮುಖ ದೊಡ್ಡದಾಗಿ ಬರಬೇಕು.

ಗೇಟ್‌ಪಾಸ್ ಆದವರು ಸಣ್ಣ ಊರಿನ ಶೋಗಳಿಗೆ ಬರುತ್ತಾರೆ. ಅಲ್ಲಿ ಹತ್ತಕ್ಕೆ ಹತ್ತು ಗೆದ್ದ ‘ಭಾವಿ ಚಾಂಪಿಯನ್’ ಒಬ್ಬ ಬೇಕಲ್ಲ, ಅವನನ್ನು ತಯಾರು ಮಾಡೋಕೆ ಹತ್ತು ಸೋಲು ಎಲ್ಲಿಂದಲಾದರೂ ತರಲೇಬೇಕು. ಅವನ ಟಿ-ಶರ್ಟ್ ಮಾರಾಟವಾಗುತ್ತದೆ. ಸೋತುಕೊಟ್ಟವನಿಗೆ ಅಭಿಮಾನಿಗಳು ಇಟ್ಟ ಹೆಸರು ‘ಕ್ಯಾನ್’. ಟೊಮೆಟೊ ಡಬ್ಬ ಅಂತ.

ಈ ಕಸುಬನ್ನು ನೀಟಾಗಿ ನಡೆಸಿದವರು ಬ್ರಿಟನ್ನಿನ ಬಾಕ್ಸಿಂಗ್‌ನವರು. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತ. ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್ ಕೂಡ ಎಳೆಯನಿದ್ದಾಗ ಎರಡು ಸಲ ಇವನ ಮೇಲೇ ಕೈ ಪಳಗಿಸಿಕೊಂಡ. ಇಲ್ಲೊಂದು ಸೂಕ್ಷ್ಮವಿದೆ. ನಾಕೌಟ್ ಆದರೆ ನಿಯಮದ ಪ್ರಕಾರ ಕೆಲವು ವಾರ ರಿಂಗ್ ಹತ್ತುವಂತಿಲ್ಲ, ಅಂದರೆ ಮುಂದಿನ ವಾರದ ಕೂಲಿ ಖೋತಾ. ಅದಕ್ಕೇ ಬಕ್ಲಿ ಅಂಕದಲ್ಲಿ ಸೋಲುತ್ತಿದ್ದ, ನೆಲಕ್ಕೆ ಬೀಳುವುದು ಅಪರೂಪ. ಎದುರಾಳಿಗೆ ಗೆಲುವು, ಇವನಿಗೆ ಸಂಬಳ, ಪ್ರೇಕ್ಷಕರಿಗೆ ಚಪ್ಪಾಳೆ. ಯಾರಿಗೂ ನಷ್ಟವಿಲ್ಲ, ಅಲ್ವಾ?

2008ರ ಅಕ್ಟೋಬರ್‌ನಲ್ಲಿ ಅವನು ಮುನ್ನೂರನೆಯ ಪಂದ್ಯ ಆಡಿ ನಿವೃತ್ತನಾದ. ಅವತ್ತು ಗೆದ್ದುಬಿಟ್ಟ. ಕೊನೆಯ ದಿನ ಅಲ್ವಾ, ಕೆಲಸದ ಕಡೆ ಗಮನ ಇರಲಿಲ್ಲ ಅಂತ ಕಾಣುತ್ತೆ.