ತಲೆಗೆ ಮೂರು ಸಾವಿರದ ಲೆಕ್ಕ

ಮುಳ್ಳಯ್ಯನಗಿರಿ ನೋಡಲು ಹೊರಟ ನಾವು ಎಂಟು ಮಂದಿ, ಚಿಕ್ಕಮಗಳೂರಿನ ಬಳಿಯ ಕಾಫಿ ತೋಟದ ಹೋಂಸ್ಟೇಯಲ್ಲಿ ಎರಡು ರಾತ್ರಿಗೆ ಮೂರು ಕೋಣೆಗಳನ್ನು 24,000 ರೂಪಾಯಿಗೆ ಹಿಡಿದಿದ್ದೆವು. ಎರಡು ಜೋಡಿಗಳು ಬಚ್ಚಲಿರುವ ಕೋಣೆಗಳನ್ನು ಹೊಕ್ಕು ಅಗುಳಿ ಹಾಕಿಕೊಂಡರೆ, ಒಂಟಿಗಳಾದ ನಾವು ನಾಲ್ವರು ಮೂರನೆಯದರಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುವಂತೆ ಸಾಲಾಗಿ ಮಲಗಿ, ಬೆಳಗಿನ ಚಳಿಯಲ್ಲಿ ಅಂಗಳದಾಚೆಯ ಬಚ್ಚಲಿಗೆ ಸರದಿ ನಿಂತೆವು. ಆದರೂ ಹೊರಡುವಾಗ ‘ತಲೆಗೆ 3,000’ ಎಂಬ ತೀರ್ಮಾನ! ಅಡುಗೆಮನೆ, ಜಗಲಿ ಎಲ್ಲರಿಗೂ ಸೇರಿದ್ದವೆಂಬುದನ್ನು ಒಪ್ಪುತ್ತೇನೆ. ಆದುದರಿಂದಲೇ ಅರ್ಧ ಬಾಡಿಗೆಯನ್ನು ತಲೆಯ ಮೇಲೆ, ಉಳಿದರ್ಧವನ್ನು ಕೋಣೆಯ ಮೇಲೆ ಹಂಚಿದ್ದರೆ ನಮಗೆ ತಲಾ 2,500, ಜೋಡಿಗಳಲ್ಲಿ ತಲಾ 3,500 ಬರುತ್ತಿತ್ತು. ಇದನ್ನು ಹೇಳಿದಾಗ ‘ಸ್ನೇಹದಲ್ಲಿ ಲೆಕ್ಕವೇನು’ ಎಂದು ನಕ್ಕ ಮಹಾಶಯರೇ, ಮರಳುವ ದಾರಿಯಲ್ಲಿ ನಾನು ಕುಡಿದ ಕಾಫಿಯ 20 ರೂಪಾಯಿಯನ್ನು ಮರೆಯದೆ ಕೇಳಿ ಪಡೆದರು.