ಸಿಂಗಳೀಕಕ್ಕೆ ಎರಡು ಸಾವಿರ ಮೆಗಾವ್ಯಾಟ್

ಶರಾವತಿ ಕಣಿವೆಗೆ ಹೊರಡುವ ಮುನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮನ್ನು ಒಮ್ಮೆ ಓದಿಕೊಳ್ಳಿ. ಅಭಯಾರಣ್ಯದ ಒಳಗೆ ಬರುವ, ಹೊರಗೆ ಹೋಗುವ ನೀರನ್ನು ಯಾರೂ ತಿರುಗಿಸುವಂತಿಲ್ಲ, ತಡೆಯುವಂತಿಲ್ಲ, ಹೆಚ್ಚಿಸುವಂತಿಲ್ಲ. ಪ್ರಾಣಿಗಳ ನೆಲೆ ಕೆಡಿಸುವಂತಿಲ್ಲ. ಮಾಡಲೇಬೇಕೆಂದರೆ, ಅದು ಅಲ್ಲಿನ ವನ್ಯಜೀವಿಗಳ ಸುಧಾರಣೆಗೆ, ಉತ್ತಮ ನಿರ್ವಹಣೆಗೆ ಅಗತ್ಯ ಎಂದು ಸರ್ಕಾರಕ್ಕೆ ಮನವರಿಕೆಯಾಗಬೇಕು. ಸಿಂಗಳೀಕವೆಂಬ ಕಪ್ಪು ಕೋತಿಯ ಅಭಯಾರಣ್ಯವಿರುವ ಇದೇ ಕಣಿವೆಯಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ನಾನೂರು ಮೀಟರಿಗೂ ಹೆಚ್ಚು ಮೇಲಿರುವ ತಲಕಳಲೆ ಜಲಾಶಯಕ್ಕೆ ಎತ್ತಿ, ಮತ್ತೆ ಕೆಳಗೆ ಬೀಳಿಸಿ 2000 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಯೋಜನೆಗೆ 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಎರಡನ್ನೂ ಒಟ್ಟಿಗೆ ಓದಿದರೆ ಹೊಳೆಯುವುದು ಒಂದೇ: ಸಿಂಗಳೀಕಗಳಿಗೆ ಕರೆಂಟು ಸಾಲುತ್ತಿಲ್ಲ.

ಅವು ಎಂದಾದರೂ ಕೇಳಿದ್ದವೇ ಎಂದು ಪರೀಕ್ಷಿಸಲು ನೀವೇ ಹೋಗಬಹುದು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಹಳಿ ಮುಗಿಯುವುದೇ ಅಲ್ಲಿ. ಜೋಗ ಹತ್ತಿರ. ಜೋಗ ದಾಟಿ ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಇಳಿಯುವ ಹೆದ್ದಾರಿಯಲ್ಲಿ ಘಟ್ಟ ಶುರುವಾದೊಡನೆ ಕಾರಿನ ವೇಗ ತಗ್ಗಿಸಿ. ರಸ್ತೆಬದಿ ಕುಳಿತು ಕೈಚಾಚುವ ಕಂದು ಮಂಗ ಮಾಮೂಲಿ ಕೋತಿ. ಸಿಂಗಳೀಕದ್ದು ಕಪ್ಪು ಮೈ, ಮುಖದ ಸುತ್ತ ಬೂದು-ಬಿಳಿ ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಅದನ್ನು ಹುಡುಕಬೇಕಾದ್ದು ನೆಲದಲ್ಲಲ್ಲ, ಮೇಲೆ. ಹಣ್ಣು ಬಿಟ್ಟ ಮರದ ನೆತ್ತಿ ಅಲುಗಾಡುತ್ತಿದ್ದರೆ ದುರ್ಬೀನು ಹಿಡಿದು ಕಾಯಿರಿ. ಬೆಳಗಿನ ಹೊತ್ತು ಒಳ್ಳೆಯದು. ಮಳೆಗಾಲವಾದರೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಸವರಿಕೊಳ್ಳಿ. ಉಂಬಳಗಳಿಗೆ, ಅಂದರೆ ಕಾಡಿನ ಜಿಗಣೆಗಳಿಗೆ, ಪರವಾನಗಿ ಪದ್ಧತಿ ಇನ್ನೂ ಗೊತ್ತಿಲ್ಲ.

ಚಿಪ್ಸ್, ಬಾಳೆಹಣ್ಣು, ಬಿಸ್ಕತ್ತು ಏನನ್ನೂ ಹಾಕಬೇಡಿ. ಇದು ತಮಾಷೆಯಲ್ಲ. ಉಪ್ಪಾಗೆ, ಹಲಸು, ಅತ್ತಿಜಾತಿಯ ಹಣ್ಣುಗಳನ್ನು ಹುಡುಕುತ್ತ ಕಾಡಿನ ನೆತ್ತಿಯಲ್ಲೇ ಬದುಕುವ ಪ್ರಾಣಿ ತಿಂಡಿಯ ಆಸೆಗೆ ರಸ್ತೆಗೆ ಇಳಿದರೆ ಮೊದಲು ಸಿಗುವುದು ಲಾರಿಯ ಚಕ್ರ. ನಮ್ಮ ಕಾಯಿಲೆಗಳು ಅದಕ್ಕೆ ಅಂಟುತ್ತವೆ. ಅದು ತಿಂದು ದೂರ ದೂರ ಉದುರಿಸಬೇಕಾದ ಬೀಜಗಳು ತಾಯಿಮರದ ಬುಡದಲ್ಲೇ ಕೊಳೆಯುತ್ತವೆ. ಆದ್ದರಿಂದಲೇ ಕಸ ಹಾಕುವುದಕ್ಕೂ ಪ್ರಾಣಿಗಳನ್ನು ಕೆಣಕುವುದಕ್ಕೂ 27ನೇ ಕಲಮಿನ ತಡೆಯಿದೆ. ಬೆಂಕಿಗೆ 30, ಬಂದೂಕಿಗೆ 31. ಪ್ರಾಣಿಗಳಿಗೆ ಅಪಾಯ ತರುವ ರಾಸಾಯನಿಕ, ಸ್ಫೋಟಕಗಳಿಗೆ 32. ಪ್ರವಾಸಿ ತನ್ನ ಚೀಲವನ್ನು ಈ ಕ್ರಮದಲ್ಲೇ ತಪಾಸಣೆ ಮಾಡಿಕೊಳ್ಳುವುದು ಕ್ಷೇಮ. ಬಂಡೆ ಸಿಡಿಸಿ ಸುರಂಗ ತೆಗೆಯುವವರ ಚೀಲ ಸ್ವಲ್ಪ ದೊಡ್ಡದು, ಗೇಟಿನಲ್ಲಿ ಹಿಡಿಸುವುದಿಲ್ಲ.

ಯೋಜನೆಯ ಪರ ಇರುವ ದೊಡ್ಡ ವಾದವೇ ಸುರಂಗ. ಹೊಸ ಅಣೆಕಟ್ಟು ಇಲ್ಲ, ಎರಡೂ ಜಲಾಶಯ ಹಳೆಯವು, ವಿದ್ಯುದಾಗಾರ ಭೂಗರ್ಭದಲ್ಲಿ. ಮೇಲಿನ ಮರಕ್ಕೆ ಕೆಳಗಿನದು ತಿಳಿಯುವುದೇ ಇಲ್ಲವಂತೆ. ಮರದ ಬೇರುಗಳು ಸಾಮಾನ್ಯವಾಗಿ ಯಾವ ದಿಕ್ಕಿಗೆ ಇಳಿಯುತ್ತವೆ ಎಂಬುದು ಪ್ರಾಥಮಿಕ ಶಾಲೆಯ ಪ್ರಶ್ನೆ, ಅದನ್ನು ಬಿಡೋಣ. ಸುರಂಗಕ್ಕೆ ಬಾಯಿ ಬೇಕು. ಬಾಯಿಯವರೆಗೆ ಯಂತ್ರ ಹೋಗಲು ಕಡಿದಾದ ಘಟ್ಟದಲ್ಲಿ ರಸ್ತೆ ಅಗಲವಾಗಬೇಕು. ತೆಗೆದ ಕಲ್ಲು-ಮಣ್ಣನ್ನು ಎಲ್ಲಾದರೂ ಸುರಿಯಬೇಕು. ತಯಾರಾದ ಕರೆಂಟು ತಂತಿಯ ಮೇಲೆ ಹೊರಗೆ ಬರಬೇಕು, ತಂತಿಯ ಕೆಳಗೆ ಮರ ನಿಲ್ಲುವಂತಿಲ್ಲ. ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿಗೆ ನೆತ್ತಿಯಲ್ಲಿ ಬೀಳುವ ಒಂದು ಸೀಳು ಎಂದರೆ ಆಚೆಯ ಕಾಡು ಬೇರೆ ದೇಶ. ಮಳೆಗಾಲದಲ್ಲಿ ಕುಸಿಯುವ ಘಟ್ಟದ ಮಣ್ಣೂ ಯೋಜನಾ ವರದಿ ಓದಿಕೊಂಡು ಕುಸಿಯುವುದಿಲ್ಲ. ಕಡಿದದ್ದಕ್ಕೆ ಬದಲಿಯಾಗಿ ಬೇರೆಡೆ ಕಾಡು ಬೆಳೆಸುತ್ತೇವೆ ಎನ್ನುವುದೂ ಇದೆ. ಮಲೆನಾಡಿನವರು ನೆಡುತೋಪು ಕಂಡಿದ್ದಾರೆ, ಅಕೇಶಿಯಾದ ಸಾಲು. ರಾಮಪತ್ರೆ ಜಡ್ಡಿಯನ್ನು, ಅಂದರೆ ಜೌಗು ನೆಲದ ಆ ಕಾಡನ್ನು, ಬದಲಿ ನೆಡುವ ನರ್ಸರಿ ಯಾವ ತಾಲ್ಲೂಕಿನಲ್ಲಿದೆಯೋ ಇಲಾಖೆಯೇ ತಿಳಿಸಬೇಕು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಪಂಪ್ಡ್ ಸ್ಟೋರೇಜ್ ಮೂರ್ಖರ ಯಂತ್ರವಲ್ಲ. ಹಗಲು ಸೌರವಿದ್ಯುತ್ ಹೆಚ್ಚಾದಾಗ ನೀರನ್ನು ಮೇಲಕ್ಕೆ ಕಳಿಸಿ, ಸಂಜೆ ಎಲ್ಲರ ಮನೆಯ ದೀಪ ಹತ್ತಿದಾಗ ಕೆಳಗೆ ಬಿಟ್ಟರೆ ವಿದ್ಯುತ್ ಜಾಲಕ್ಕೆ ಅನುಕೂಲ. ನೂರು ಯೂನಿಟ್ ಖರ್ಚು ಮಾಡಿದರೆ ವಾಪಸು ಸಿಗುವುದು ಎಪ್ಪತ್ತರಿಂದ ಎಂಬತ್ತರ ಆಸುಪಾಸು. ಉಳಿದದ್ದು ದಾರಿಖರ್ಚು. ಹಾಗಾಗಿ ಇದು ವಿದ್ಯುತ್ ಉತ್ಪಾದನೆಯಲ್ಲ, ಗೋದಾಮು. ಗೋದಾಮು ಕಟ್ಟಲು ಇಡೀ ರಾಜ್ಯದಲ್ಲಿ ಸಿಕ್ಕ ಜಾಗ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿಗೆಂದು 2019ರಲ್ಲಿ ಸರ್ಕಾರವೇ 930 ಚದರ ಕಿಲೋಮೀಟರಿಗೆ ಹಿಗ್ಗಿಸಿದ ಅಭಯಾರಣ್ಯ!

2019 ಬಹಳ ಫಲವತ್ತಾದ ವರ್ಷ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತೂ ಆಗಲೇ ಎದ್ದಿತ್ತು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಬೆಂಗಳೂರು ಸುಮಾರು ಮೂರು ಸಾವಿರ ಅಡಿ. ಮಲೆನಾಡಿನಲ್ಲಿ ಬಂದ್ ಆಗಿ ಆ ಮಾತು ಆಗ ತಣ್ಣಗಾಯಿತು. ಪಶ್ಚಿಮಕ್ಕೆ ಇಳಿಯುವ ಈ ಹೊಳೆಯನ್ನು ಕಂಡರೆ ನಮ್ಮ ಎಂಜಿನಿಯರುಗಳಿಗೆ ಅದೇಕೋ ಹತ್ತಿಸಲೇಬೇಕು ಅನಿಸುತ್ತದೆ.

ಇಳಿಯುವ ಕೆಲಸವನ್ನಂತೂ ಅದು ಸಾಕಷ್ಟು ಮಾಡಿದೆ. 1964ರಲ್ಲಿ ಲಿಂಗನಮಕ್ಕಿ. ಅಲ್ಲಿಂದ ತಲಕಳಲೆ, ಅಲ್ಲಿಂದ ಕೊಳವೆಯಲ್ಲಿಳಿದು 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ, ಮುಂದೆ ಗೇರುಸೊಪ್ಪೆಯಲ್ಲಿ ಮತ್ತೆ 240. ಇಷ್ಟಾಗಿ ಉಳಿದದ್ದನ್ನು ನೋಡಲು ನೀವು ಜೋಗಕ್ಕೆ ಹೋಗುವುದು. ಬೇಸಿಗೆಯಲ್ಲಿ ಹೋದರೆ 253 ಮೀಟರ್ ಎತ್ತರದ ಬಂಡೆಯ ಸೊಗಸಾದ ದರ್ಶನವಾಗುತ್ತದೆ, ನೀರಿನ ಅಡಚಣೆ ಇರುವುದಿಲ್ಲ. ಜುಲೈನಲ್ಲಿ ಹೋದರೆ ನೀರೂ ಮಂಜೂ ಒಟ್ಟಿಗೆ. ಟಿಕೆಟ್ ವ್ಯರ್ಥವಾಯಿತೆಂದು ಹಿಂತಿರುಗಬೇಡಿ, ಗಾಳಿ ಬೀಸಿ ಮಂಜು ಸರಿಯುವವರೆಗೆ ಕಟ್ಟೆಯ ಮೇಲೆ ಕುಳಿತಿರಿ. ಲಿಂಗನಮಕ್ಕಿ ತುಂಬಿ ಬಾಗಿಲು ತೆರೆದ ದಿನ ಹೋದರೆ ರಾಜ, ರಾಣಿ, ರೋರರ್, ರಾಕೆಟ್ ಯಾರು ಯಾರೆಂದು ಗುರುತೇ ಸಿಗದು. ಗುಂಡಿಗೆ ಇಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಒಣಹವೆಗೆ ಮಾತ್ರ. ಹತ್ತುವಾಗ ಇಳಿದದ್ದರ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ, ನಿಮಗೆ ಪಂಪ್ ಸೌಲಭ್ಯ ಇಲ್ಲ.

ಸಮಯವಿದ್ದರೆ ಸಾಗರದಿಂದ ಹಿನ್ನೀರಿನ ಕಡೆಗೂ ಹೋಗಿ. ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಅಲ್ಲಿಯವರೆಗೆ ತುಮರಿ ಕಡೆಯವರಿಗೆ ಆಸ್ಪತ್ರೆಗೂ ಲಾಂಚೇ ಗತಿ, ಅದೂ ಸಂಜೆಯವರೆಗೆ. ಕೆಳಗಿರುವುದು ಮುಳುಗಿದ ಊರುಗಳ ನೀರು. ನಾಡಿಗೆ ಬೆಳಕಾಗಲೆಂದು ಅರವತ್ತರ ದಶಕದಲ್ಲಿ ಲಾರಿ ಹತ್ತಿ ಹೊರಟವರನ್ನು ಕಾಡಿನಲ್ಲಿ ಇಳಿಸಲಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ಆ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಾರೆ. ಅದು ಅರಣ್ಯಭೂಮಿ, ಕೇಂದ್ರದ ಅನುಮತಿ ಬೇಕು, ಕಾನೂನು ಬಹಳ ಬಿಗಿ ಎಂಬ ಉತ್ತರ ಸಿಗುತ್ತದೆ. ಅರ್ಜಿಯಲ್ಲಿ ಒಂದು ಲೋಪವಂತೂ ಇದೆ: ಮನೆಯನ್ನು ಸುರಂಗದೊಳಗೆ ಕಟ್ಟುತ್ತೇವೆ ಎಂದು ಯಾರೂ ಬರೆದಿಲ್ಲ.